ಕ್ರೇನಿನ ಬಾಗಿಲಿಗೆ ಕಟ್ಟಿದ ಹಳದಿ ತಂತಿ

ಚಿನ್ನಿ, ಪುಟ್ಟು, ಇದು ನಿಮ್ಮಿಬ್ಬರಿಗೆ. ಬಾಯಲ್ಲಿ ಹೇಳಲು ಹೊರಟರೆ ನನ್ನ ಮಾತು ಅರ್ಧಕ್ಕೇ ನಿಂತುಹೋಗುತ್ತದೆ, ನೀವು ನೋಡಿದ್ದೀರಿ. ಊರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತ ಅಕ್ಷರ ಇಷ್ಟಕ್ಕೆ ಸಾಕಾದೀತು ಎಂದು ಬರೆಯುತ್ತಿದ್ದೇನೆ.

ನಿಮ್ಮ ತಾತ ಕನಕಪುರದ ಆಚೆಯ ಕಲ್ಲುಕ್ವಾರಿಯಲ್ಲಿ ಕ್ರೇನು ನಡೆಸುತ್ತಿದ್ದರು. ಅಗೆದು ಅಗೆದು ಕ್ವಾರಿ ದೊಡ್ಡ ಬಾವಿಯ ಹಾಗಾಗಿತ್ತು. ಕ್ರೇನು ತಳದಲ್ಲಿ ನಿಂತು ಬಂಡೆ ಎತ್ತುತ್ತಿತ್ತು. ಅದರ ಕ್ಯಾಬಿನ್ ಬಾಗಿಲಿನ ಚಿಲಕ ಮುರಿದಿತ್ತು. ಇಳಿದಾಗಲೆಲ್ಲ ತಾತ ಹೊರಗಿನಿಂದ ಬಾಗಿಲನ್ನು ಹಳದಿ ತಂತಿಯಲ್ಲಿ ಕಟ್ಟುತ್ತಿದ್ದರು. ಬಂಡೆ ಸಿಡಿಸಿದ ಮೇಲೆ ಉಳಿಯುವ ತಂತಿ ಅದು. ನಮ್ಮ ಮನೆಯ ಪೊರಕೆಗೂ ಅದೇ, ಕೋಳಿಗೂಡಿಗೂ ಅದೇ. ಎರಡು ಸುತ್ತು, ಒಂದು ಕುಣಿಕೆ, ತುದಿ ಒಳಕ್ಕೆ. ಅವರ ಕೈ ತಾನಾಗಿ ಕಟ್ಟುತ್ತಿತ್ತು, ಕಣ್ಣು ಬೇರೆಲ್ಲೋ ಇರುತ್ತಿತ್ತು.

ಕೆಳಗಿಳಿಯುವವರು ಬುತ್ತಿಚೀಲವನ್ನು ಮೇಲಿನ ಹೊಂಗೆ ಮರಕ್ಕೆ ನೇತುಹಾಕಿ ಹೋಗುವುದು, ಹತ್ತಿ ಬಂದಮೇಲೆ ತೆಗೆದುಕೊಳ್ಳುವುದು ಅಲ್ಲಿನ ಪದ್ಧತಿ. ಮರ ಖಾಲಿಯಾದರೆ ಕ್ವಾರಿಯೂ ಖಾಲಿ. ಸಿಡಿಸುವ ಮೊದಲೂ ತಲೆ ಎಣಿಸುತ್ತಿರಲಿಲ್ಲ, ಮರ ನೋಡುತ್ತಿದ್ದರು.

ಒಂದು ಮಳೆಗಾಲದ ಬೆಳಿಗ್ಗೆ ಬಂಡೆಯ ಬಿರುಕಿನಿಂದ ನೀರು ನುಗ್ಗಿತು. ಪಂಪು ಸೋತಿತು. ಎಲ್ಲರೂ ಹತ್ತಿ ಓಡಿಬಂದರು. ಸಂಜೆಗೆ ಕ್ರೇನಿನ ಕ್ಯಾಬಿನ್ ಮುಳುಗಿತ್ತು. ಆದರೆ ಹೊಂಗೆ ಮರದಲ್ಲಿ ಒಂದು ಚೀಲ ಉಳಿದಿತ್ತು. ಹೊಸೂರಿನ ಕಡೆಯಿಂದ ಬಂದಿದ್ದ ಒಬ್ಬ ಕೆಲಸಗಾರನದು. ಅವನಿಗೆ ಆಗಾಗ ಕ್ಯಾಬಿನ್ನಿನ ಹಿಂದಿನ ಹಲಗೆಯ ಮೇಲೆ ಮಲಗುವ ಅಭ್ಯಾಸವಿತ್ತು. ಹುಡುಕೋಣವೆಂದರೆ ಅವನ ಊರು ಯಾವುದೆಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅವನು ಮತ್ತೆ ಬರಲಿಲ್ಲ. ಕ್ವಾರಿ ಮುಚ್ಚಿತು, ನೀರು ಹಾಗೇ ನಿಂತಿತು.

ತಾತ ನನಗೊಬ್ಬಳಿಗೇ ಹೇಳಿದ್ದರು: "ಅವತ್ತು ಬಾಗ್ಲು ಕಟ್ಟಿದ್ದು ಗ್ಯಾಪಕ ಐತೆ ಕಣೆ. ಒಳಗೆ ನೋಡಿದ್ದು ಗ್ಯಾಪಕ ಇಲ್ಲ."

ಆಮೇಲೆ ಅವರು ಯಾವ ಬಾಗಿಲನ್ನೂ ಇಣುಕಿ ನೋಡದೆ ಮುಚ್ಚಿದವರಲ್ಲ. ಕೋಳಿಗೂಡಿಗೂ ಬಗ್ಗಿ "ಯಾರಾದ್ರೂ ಇದ್ದೀರಾ?" ಎಂದು ಕೇಳುವ ತಾತ ಎಂದು ನೀವು ಬಿದ್ದು ಬಿದ್ದು ನಗುತ್ತಿದ್ದಿರಿ. ನಾನೂ ನಗುವ ಹಾಗೆ ಮಾಡುತ್ತಿದ್ದೆ. ಆ ಸಂಶಯದಲ್ಲೇ ಅವರು ಹೋದರು.

ಹೋದ ವರ್ಷ ಬೇಸಿಗೆಯಲ್ಲಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿಗಿಳಿಯುವವರು ಭಾನುವಾರಗಳಂದು ಕ್ವಾರಿಗೆ ಬರತೊಡಗಿದರು. ಮುಳುಗಿದ ಕ್ರೇನು ನೋಡುವುದು ಅವರಿಗೊಂದು ಖುಷಿಯಂತೆ. ಅವರಿಗೆ ಕಲಿಸುತ್ತಿದ್ದವಳು ಬೆಂಗಳೂರಿನ ಒಬ್ಬ ಹೆಣ್ಣುಮಗಳು. ನಾನು ಒಂದು ಭಾನುವಾರ ಮಜ್ಜಿಗೆ ತೆಗೆದುಕೊಂಡು ಹೋದೆ. ಕೇಳಬೇಕೆಂದಿದ್ದನ್ನು ಕೇಳದೆ ವಾಪಸು ಬಂದೆ. ಎರಡನೆಯ ಭಾನುವಾರವೂ ಬರಿ ಮಜ್ಜಿಗೆ. ಮೂರನೆಯ ಸಲ ಓರಗಿತ್ತಿ ಜೊತೆಗೆ ಬಂದಳು. ಅವಳಿಗೆ ಹಿಂದಿನ ದಿನವಷ್ಟೇ ಎಲ್ಲವನ್ನೂ ಹೇಳಿದ್ದೆ.

"ಕೇಳ್ಬುಡಕ್ಕಾ," ಎಂದು ತಿವಿದಳು. "ಹಿಂಗೇ ಕುಡಿಸ್ತಾ ಇದ್ರೆ ಅವ್ರು ನೀರೊಳಗೂ ಮಜ್ಜಿಗೆ ತೇಗೇ ತೇಗ್ತಾರೆ."

"ನೀನೇ ಕೇಳು."

"ಗಂಡ ನಿಂದಾ, ನಂದಾ?"

ನಾನು ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡೇ, ಆ ಕ್ಯಾಬಿನ್ನಿನೊಳಗೆ ಯಾರಾದರೂ ಇದ್ದಾರೇನೋ ನೋಡುತ್ತೀಯಾ ಎಂದು ಕೇಳಿದೆ. ಆ ಹೆಣ್ಣುಮಗಳು ನಗಲಿಲ್ಲ. ಕೆಳಗೆ ಕೂತು, ಹಲಗೆ ಯಾವ ಕಡೆ, ಬಾಗಿಲು ಯಾವ ಕಡೆ ಎಂದು ಮಣ್ಣಿನಲ್ಲಿ ನನ್ನ ಕೈಯಲ್ಲೇ ಗೆರೆ ಎಳೆಸಿದಳು. ಜೊತೆಗಾರನೊಬ್ಬನನ್ನು ಕರೆದುಕೊಂಡು ಇಳಿದಳು.

ನೀರಿನ ಮೇಲೆ ಗುಳ್ಳೆಗಳು ಏಳುತ್ತಿದ್ದವು. ಅವನ್ನೇ ನೋಡುತ್ತ ಕೂತೆ. ಗುಳ್ಳೆ ಸ್ವಲ್ಪ ನಿಂತರೂ ಓರಗಿತ್ತಿಯ ಕೈ ಹಿಡಿಯುತ್ತಿದ್ದೆ. ಒಂದು ಮನೆಯ ಮಗ ಮುಳುಗಿದ್ದು ಸಾಲದೆಂದು ಇನ್ನೊಂದು ಮನೆಯ ಮಗಳನ್ನೂ ಕಳಿಸಿದೆನಲ್ಲ ಎಂದುಕೊಂಡೆ.

ಅವಳು ಮೇಲೆ ಬಂದು ಮುಖದ ಕನ್ನಡಕ ತೆಗೆದಳು. "ಅಜ್ಜಿ, ಬಾಗ್ಲು ಕಟ್ಟಿತ್ತು. ಹಳದಿ ವೈರು."

ಮಣ್ಣಿನಲ್ಲಿ ನಾನೇ ಎಳೆದಿದ್ದ ಬಾಗಿಲಿನ ಗೆರೆ ನೋಡಿದೆ.

"ಗಾಜೆಲ್ಲ ಹಾಗೇ ಇದೆ. ವೈರ್ ಕತ್ತರಿಸಿ ಬಾಗ್ಲು ತೆಗೆದೆ. ಟಾರ್ಚ್ ಬಿಟ್ಟು ನೋಡಿದೆ, ಹಲಗೆ ಮೇಲೆ, ಕೆಳಗೆ, ಕೆಸರೊಳಗೆಲ್ಲ ಕೈಯಾಡಿಸಿದೆ. ಯಾರೂ ಇಲ್ಲ ಅಜ್ಜಿ. ಮೂಳೆಯ ಚೂರೂ ಇಲ್ಲ."

"ಸರಿಯಾಗಿ ನೋಡ್ದೇನವ್ವ?"

"ನೀವೇ ನೋಡಿ."

ಪುಟ್ಟ ಕ್ಯಾಮೆರಾದಲ್ಲಿ ತೋರಿಸಿದಳು. ಹಸಿರು ಬೆಳಕಿನಲ್ಲಿ ಕ್ರೇನು ನಿಂತಿತ್ತು, ಉದ್ದ ತೋಳಿಗೆ ಪಾಚಿ ಮೆತ್ತಿಕೊಂಡು. ಕೊಕ್ಕೆಯ ಸುತ್ತ ಮೀನಿನ ಗುಂಪು. ಕ್ಯಾಬಿನ್ನಿನ ನೆಲದಲ್ಲಿ ಕ್ರೇನು ನಡೆಸುವ ಸನ್ನೆಗೋಲು ಹಾಯುವ ಸಂದಿನಿಂದ ಮೀನುಗಳು ಒಳಗೆ ಸೇರಿದ್ದವು. ತಾತ ಕೂರುತ್ತಿದ್ದ ಸೀಟಿನ ಮೇಲೆ ಒಂದು ಏಡಿ. ಹಿಂದಿನ ಹಲಗೆಯ ಮೇಲೆ ಬಸವನಹುಳುಗಳು ಮಾತ್ರ. ಬೆಳಕು ಬಿದ್ದದ್ದೇ ಒಂದು ಜಿಲೇಬಿ ಮೀನು ತನ್ನ ಮರಿಗಳನ್ನೆಲ್ಲ ಬಾಯೊಳಗೆ ಎಳೆದುಕೊಂಡು ಮೂಲೆಗೆ ಸರಿಯಿತು. ನುಂಗಿತೇನೋ ಎಂದು ಬೆಚ್ಚಿದೆ. ಇಲ್ಲ, ಭಯ ಹೋದ ಮೇಲೆ ಮತ್ತೆ ಹೊರಗೆ ಬಿಡುತ್ತದೆ ಎಂದಳು.

ನಾನು ಅತ್ತೆನೋ ನಕ್ಕೆನೋ ಗೊತ್ತಿಲ್ಲ. ಓರಗಿತ್ತಿ ಮಾತ್ರ, "ಸದ್ಯ, ಇನ್ಮೇಲಾದ್ರೂ ಒಸಿ ನಿದ್ದೆ ಮಾಡು," ಎಂದು ಉಳಿದ ಮಜ್ಜಿಗೆಯನ್ನೆಲ್ಲ ತಾನೇ ಕುಡಿದಳು. ಮನೆಗೆ ಬಂದು ತಾತನ ಫೋಟೋಕ್ಕೆ ವಿಭೂತಿ ಹಚ್ಚಿ, "ಒಳಗೆ ಯಾರೂ ಇರ್ಲಿಲ್ವಂತೆ ಕಣ್ರಿ," ಎಂದು ಜೋರಾಗಿಯೇ ಹೇಳಿದೆ.

ಆ ಮನುಷ್ಯ ಎಲ್ಲಿಗೆ ಹೋದನೋ ತಿಳಿಯದು. ಹೆದರಿ, ಬುತ್ತಿಚೀಲ ಮರೆತು ಓಡಿರಬೇಕು. ಆಮೇಲೆ ಬಂದು ಮುಖ ತೋರಿಸಲು ನಾಚಿಕೊಂಡಿರಬೇಕು. ನಾಚಿಕೆ ಮನುಷ್ಯರನ್ನು ಎಷ್ಟು ವರ್ಷ ಸುಮ್ಮನಿರಿಸುತ್ತದೆ ಎಂದು ನನಗೆ ಗೊತ್ತು. ನಿಮ್ಮ ತಾತ ಬಾಗಿಲು ಕಟ್ಟಿ ಯಾರನ್ನೂ ಸಾಯಿಸಲಿಲ್ಲ. ನಿಮಗೆ ಗೊತ್ತಿರಬೇಕಾದದ್ದು ಇಷ್ಟೇ.

ಆ ಹೆಣ್ಣುಮಗಳು ಗಂಟು ಉಳಿಯುವಂತೆ ಪಕ್ಕಕ್ಕೆ ಕತ್ತರಿಸಿ ತಂತಿಯನ್ನು ತಂದುಕೊಟ್ಟಿದ್ದಳು. ಅದೇ ತಂತಿಯಿಂದ ಈ ಹಾಳೆಗಳನ್ನು ಕಟ್ಟಿದ್ದೇನೆ. ಬಿಚ್ಚುವಾಗ ತಾತನ ಗಂಟು ಬಿಟ್ಟು ನನ್ನ ಗಂಟನ್ನು ಮಾತ್ರ ಬಿಚ್ಚಿ. ಓದಿದ ಮೇಲೆ ಹಾಳೆಗಳೆಲ್ಲ ಒಳಗಿವೆಯೇ ಎಂದು ನೋಡಿ ಮತ್ತೆ ಕಟ್ಟಿ, ಗೆದ್ದಲು ಮುಟ್ಟದ ಕಡೆ ಜೋಪಾನವಾಗಿ ಇಡಿ.