ಬಿದ್ದು ಹೋಗೋ ಹಲ್ಲು ತಾನೇ

ಮಗಳಿಗೆ ಆಗ ಮೂರು ವರ್ಷ. ಹಲ್ಲುಜ್ಜಿಸುವಾಗ ಮೇಲಿನ ಮುಂದಿನ ಹಲ್ಲುಗಳ ಬುಡದಲ್ಲಿ ಸುಣ್ಣ ಎಳೆದ ಹಾಗೆ ಬಿಳಿ ಗೀರು ಕಂಡಿತು. ಗಂಡನಿಗೆ ತೋಟದಲ್ಲಿ ಕೆಲಸವಿತ್ತು. ಕಳಸದಿಂದ ಬಸ್ಸು ಹತ್ತಿ ನಾನೇ ಅವಳನ್ನು ಮೂಡಿಗೆರೆಗೆ ಕರೆದುಕೊಂಡು ಹೋದೆ. ಅಲ್ಲಿನ ಹಲ್ಲಿನ ಡಾಕ್ಟರಮ್ಮ ಅವಳನ್ನು ನನ್ನ ತೊಡೆಯ ಮೇಲೇ ಮಲಗಿಸಿ ನೋಡಿದರು.

"ಹುಳುಕು ಈಗಷ್ಟೇ ಶುರುವಾಗಿದೆ. ತೂತಾಗಿಲ್ಲ, ತಡೀಬಹುದು" ಎಂದರು. ಫ್ಲೋರೈಡ್ ವಾರ್ನಿಷ್ ಅಂತೆ, ಜೇನಿನ ಬಣ್ಣದ ಅಂಟು. ಪುಟ್ಟ ಬ್ರಷ್ಷಿನಲ್ಲಿ ಹಲ್ಲಿಗೆ ಬಳಿದರು. ಮಗಳು ಅಳು ನಿಲ್ಲಿಸುವ ಮೊದಲೇ ಕೆಲಸ ಮುಗಿದಿತ್ತು. "ಒಂದೇ ಸಲಕ್ಕೆ ಸಾಲಲ್ಲ, ಮೂರು ತಿಂಗಳು ಬಿಟ್ಟು ಮತ್ತೆ ಬನ್ನಿ. ಮಲಗುವಾಗ ಸಕ್ಕರೆ ಹಾಲಿನ ಬಾಟಲಿ ಬೇಡ."

ಬಾಟಲಿ ಬಿಡಿಸಿದೆ. ಎರಡನೇ ಸಲ ಹೊರಡುವಾಗ ನಾನು ಆರು ತಿಂಗಳ ಬಸುರಿ, ಗಂಡನೇ ಕಾರು ತೆಗೆಯುವವರಿದ್ದರು. ಅಷ್ಟರಲ್ಲಿ ಭಾವ ಬಂದರು. ಗಂಡನ ಅಣ್ಣ, ಪಕ್ಕದ ಎಸ್ಟೇಟಿನವರು. ನಮ್ಮ ತೋಟಕ್ಕೆ ಯಾವ ಗೊಬ್ಬರ ಅನ್ನುವುದರಿಂದ ಹಿಡಿದು ಎಲ್ಲವೂ ಅವರ ಬಾಯಿಂದಲೇ ಬರಬೇಕು. ಜಗಲಿಯಲ್ಲಿ ಕೂತು ಮೊಬೈಲಿನಲ್ಲಿ ಒಂದು ವಿಡಿಯೊ ಹಾಕಿದರು. ಬಯಲುಸೀಮೆಯ ಯಾವುದೋ ಊರು, ಕಾಲು ಸೊಟ್ಟಗಾದ ಜನ, ಕಂದುಗಟ್ಟಿದ ಹಲ್ಲುಗಳು.

"ನೋಡು, ಇದೇ ನಿನ್ನ ಫ್ಲೋರೈಡು. ವಿಷ! ಇದನ್ನ ಮಗು ಬಾಯಿಗೆ ಹಚ್ಚಿಸ್ತಾರಾ?"

"ಭಾವ, ಅದು ಫ್ಲೋರೈಡ್ ಜಾಸ್ತಿ ಇರೋ ಬೋರ್‌ವೆಲ್ ನೀರನ್ನ ವರ್ಷಗಟ್ಟಲೆ ಕುಡಿದು ಆಗೋದು. ನಾವು ಕುಡಿಯೋದು ಗುಡ್ಡದ ನೀರು. ಇವರು ಹಚ್ಚೋದು ಒಂದು ತೊಟ್ಟು."

"ಬಿದ್ದು ಹೋಗೋ ಹಲ್ಲು ತಾನೇ? ಅದಕ್ಕೆ ಇಷ್ಟೆಲ್ಲ ರಂಪ ಯಾಕೆ?"

ಗಂಡ ಕೈಯಲ್ಲಿದ್ದ ಕಾರಿನ ಕೀಯನ್ನು ಮತ್ತೆ ಮೊಳೆಗೆ ಸಿಕ್ಕಿಸಿದರು. "ಮುಂದಿನ ವಾರ ನೋಡೋಣ ಮಾರಾಯ್ತಿ." ಬಸ್ಸಿಗಾದರೂ ಹೋಗುತ್ತೇನೆಂದು ಚೀಲ ಹಿಡಿದೆ. ಅತ್ತೆ ಮಗುವನ್ನೆತ್ತಿಕೊಂಡು ಒಳಕೋಣೆಗೆ ಹೋಗಿ ಚಿಲಕ ಹಾಕಿಕೊಂಡರು. ಆ ಚಿಲಕದ ಸದ್ದು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಆ ಮುಂದಿನ ವಾರ ಬರಲೇ ಇಲ್ಲ. ಬಾಣಂತನ ಮುಗಿಯುವ ಹೊತ್ತಿಗೆ ಬಿಳಿ ಗೀರು ಕಂದಾಗಿ, ಹಲ್ಲು ಚೂರುಚೂರೇ ಉದುರುತ್ತಿತ್ತು. ಕಾಫಿ ಹಣ್ಣು ಕೊಯ್ಯುವ ದಿನಗಳು. ಒಂದು ಬೆಳಿಗ್ಗೆ ಮಗಳ ಮೇಲ್ತುಟಿ ಮೂಗಿನವರೆಗೂ ಊದಿಕೊಂಡಿತ್ತು, ಮೈ ಕೆಂಡ. ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಮಂಪರಿನ ಸೂಜಿ ಚುಚ್ಚುವಾಗ ಅವಳ ಕಾಲು ಅದುಮಿ ಹಿಡಿದವಳು ನಾನು. "ಅಮ್ಮಾ, ನಾನೇನು ಮಾಡ್ದೆ?" ಎಂದು ಕೇಳುತ್ತಲೇ ನಿದ್ದೆ ಹೋದಳು. ಮುಂದಿನ ನಾಲ್ಕು ಹಲ್ಲನ್ನೂ ಕಿತ್ತರು.

ಮರುದಿನ ಮನೆಗೆ ಮರಳಿದ ಮೇಲೆ ಭಾವ ನೋಡಲು ಬಂದರು. ಕೈಯಲ್ಲಿ ಚಾಕಲೇಟಿನ ಡಬ್ಬ!

"ಹೇಗೂ ಬೀಳೋದೇ ಇತ್ತು, ಸ್ವಲ್ಪ ಬೇಗ ಬಿತ್ತು ಅಷ್ಟೇ" ಎಂದು ನಕ್ಕರು.

"ಬಿದ್ದದ್ದಲ್ಲ ಭಾವ, ಕಿತ್ತದ್ದು. ನಿಮ್ಮ ಒಂದು ವಿಡಿಯೊ ನಂಬಿ ಈ ಮನೆಯವರು ಕೀಳಿಸಿದ್ದು. ಇನ್ನು ನನ್ನ ಮಕ್ಕಳ ಬಾಯಿ ವಿಷಯಕ್ಕೆ ನೀವು ಬಾಯಿ ಹಾಕಬೇಡಿ."

"ಮೆಲ್ಲಗೆ ಮಾತಾಡು" ಎಂದರು ಗಂಡ.

"ಮೆಲ್ಲಗೆ ಮಾತಾಡಿಯೇ ಈ ಗತಿ ಬಂದದ್ದು!"

ಭಾವ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು. ಈಗ ಎದುರು ಸಿಕ್ಕರೂ ಮಾತಿಲ್ಲ. ತಮ್ಮನ ಹೆಂಡತಿ ಬಾಯಿಬಡುಕಿ ಎಂದು ನೆಂಟರ ಮನೆಗಳಲ್ಲಿ ಹೇಳಿಕೊಂಡು ತಿರುಗುತ್ತಾರೆ. ಹೇಳಲಿ.

ಅಂಗನವಾಡಿಯಲ್ಲಿ ಮಕ್ಕಳು ನನ್ನ ಮಗಳನ್ನು ಬೊಚ್ಚುಬಾಯಿ ಅಜ್ಜಿ ಎನ್ನುತ್ತಾರೆ. ಅವಳು ಅಂಗೈ ಅಡ್ಡ ಹಿಡಿದೇ ನಗುತ್ತಾಳೆ. ಹೊಸ ಹಲ್ಲಿಗೆ ಇನ್ನೂ ಕೆಲವು ವರ್ಷ ಕಾಯಬೇಕು.

ಚಿಕ್ಕವಳಿಗೆ ಹಲ್ಲು ಮೂಡಿದ ಮೇಲೆ ಮನೆಯಲ್ಲಿ ಯಾರನ್ನೂ ಕೇಳದೆ ಹೊರಟೆ. ಗಂಡ ತಾವಾಗಿಯೇ ಕಾರು ತೆಗೆದರು. ಮೂಡಿಗೆರೆಯಲ್ಲಿ ಡಾಕ್ಟರಮ್ಮ ವಾರ್ನಿಷ್ ಹಚ್ಚುವಾಗ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡವರೂ ಅವರೇ. ವಾಪಸು ಬರುವಾಗ, "ಅವತ್ತೇ ಬರಬೇಕಿತ್ತು" ಎಂದರು. ಅಷ್ಟು ಸುಲಭಕ್ಕೆ ಇಳಿಯುವ ಸಿಟ್ಟಲ್ಲ ಇದು.