ಒದ್ದೆ ಬಟ್ಟೆಯೊಳಗಿನ ಕರೆಂಟು

ಹೈದರಾಬಾದಿನ ಗಚ್ಚಿಬೌಲಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವಂತಿಲ್ಲ. ಕಟ್ಟಡದ ಅಂದ ಕೆಡುತ್ತದೆ ಎಂದು ಅಸೋಸಿಯೇಷನ್ನಿನವರು ಮಾಡಿದ ನಿಯಮ. ಅದಕ್ಕೇ ನಾವು ಒಗೆಯುವುದನ್ನೂ ಒಣಗಿಸುವುದನ್ನೂ ಒಂದೇ ಡ್ರಮ್ಮಿನಲ್ಲಿ ಮಾಡುವ ಮಷೀನು ಕೊಂಡಿದ್ದೆವು. ಮೂರು ವರ್ಷ ಅದು ಚೆನ್ನಾಗಿಯೇ ನಡೆಯಿತು. ದೀಪಾವಳಿ ಕಳೆದ ಮೇಲೆ ಬಟ್ಟೆ ಒದ್ದೆಯಾಗಿಯೇ ಹೊರಬರತೊಡಗಿತು.

ನಾನು ಮೈಸೂರಿನವಳು. ಇಲ್ಲಿನ ಒಂದು ಶಾಲೆಯಲ್ಲಿ ಒಂಬತ್ತು, ಹತ್ತನೇ ತರಗತಿಗೆ ಭೌತಶಾಸ್ತ್ರ ಕಲಿಸುತ್ತೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಡೆದದ್ದರಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ನಾಚಿಕೆ ತಂದದ್ದು ಇದೇ.

ಮಷೀನಿನ ಪುಸ್ತಕ ತೆಗೆದು ಒಂದೊಂದೇ ಪರೀಕ್ಷೆ ಮಾಡಿದೆ. ಎಂಟು ಕೆ.ಜಿ. ಒಗೆಯುವ ಮಷೀನು ಒಣಗಿಸುವುದು ಐದೇ ಕೆ.ಜಿ. ಎಂದು ಅದರಲ್ಲಿತ್ತು. ಬಟ್ಟೆ ಕಡಿಮೆ ಹಾಕಿದೆ. ಕೆಳಗಿನ ಫಿಲ್ಟರು ಬಿಚ್ಚಿ ನೂಲು, ಕೂದಲು, ಒಂದು ಹೇರ್‌ಪಿನ್ನು ತೆಗೆದೆ. ಕಂಪನಿಗೆ ಫೋನ್ ಮಾಡಿದಾಗ, ಆವಿಯನ್ನು ತಣಿಸಿ ಇಳಿಸಲು ಮಷೀನಿಗೆ ಒಣಗಿಸುವಾಗಲೂ ತಣ್ಣೀರು ಬೇಕು, ನಲ್ಲಿ ಮುಚ್ಚಬೇಡಿ ಎಂದರು. ಒಣಗಿಸುವುದಕ್ಕೂ ನೀರು ಬೇಕೆನ್ನುವುದು ಗೊತ್ತಾಗಿ ನಾನೂ ನಮ್ಮನೆಯವರೂ ನಕ್ಕೆವು. ನಲ್ಲಿ ತೆರೆದೇ ಇತ್ತು. ಬಟ್ಟೆ ಮಾತ್ರ ಒಣಗಲಿಲ್ಲ.

ಬೆಳಿಗ್ಗೆ ನಾನು ಶಾಲೆಗೆ ಹೊರಡುವ ಹೊತ್ತಿಗೆ ಮಷೀನಿನಿಂದ ಬಟ್ಟೆ ತೆಗೆಯುತ್ತಿದ್ದವಳು ನಮ್ಮ ಮನೆಕೆಲಸದಾಕೆ. ಯಾದಗಿರಿ ಕಡೆಯವಳು, ಹೆಚ್ಚು ಕಡಿಮೆ ನನ್ನದೇ ವಯಸ್ಸು. ಅವಳ ಗಂಡ ಇಲ್ಲೇ ಕಟ್ಟಡಗಳಲ್ಲಿ ಗಾರೆ ಕೆಲಸ ಮಾಡುತ್ತಿದ್ದ. ಬೇರೆ ಮನೆಗಳಲ್ಲಿ ಹಿಂದಿ, ತೆಲುಗು ಮಾತಾಡಿ ಸಾಕಾಗಿ ನಮ್ಮ ಮನೆಗೆ ಬಂದರೆ ಬಾಯಿ ತುಂಬ ಕನ್ನಡ ಮಾತಾಡುತ್ತಿದ್ದಳು. ಒಂದು ದಿನ ಅವಳು ಹೇಳಿದಳು:

"ಅಕ್ಕಾರ, ಅರಿವಿ ತಗ್ಯಾಕ ಕೈ ಹಾಕಿದ್ರ ಜುಮ್ಮ್ ಅಂತೈತ್ರಿ. ಮೊಳಕೈ ತನಾ ಏರ್ತೈತ್ರಿ."

"ಅದು ಸ್ಟ್ಯಾಟಿಕ್ ಕಣಮ್ಮ," ಎಂದು ನಕ್ಕೆ. "ಚಳಿಗಾಲದಲ್ಲಿ ಸ್ವೆಟರ್ ಬಿಚ್ಚಿದ್ರೆ ಚಟಚಟ ಅನ್ನಲ್ವಾ, ಹಾಗೆ. ಏನೂ ಆಗಲ್ಲ." ಅವಳೆದುರಿಗೇ ಮಷೀನಿನ ಮೇಲೆ ಅಂಗೈ ಇಟ್ಟು ತೋರಿಸಿದೆ. ನನಗೆ ಏನೂ ಅನ್ನಿಸಲಿಲ್ಲ. ಅವಳು ಬಟ್ಟೆಯ ಬುಟ್ಟಿ ಎತ್ತಿಕೊಂಡು ಹೋದಳು.

ಒಂದು ವಾರದ ಮೇಲೆ ಮತ್ತೆ ಹೇಳಿದಳು. ನಾನು ಅವಸರದಲ್ಲಿದ್ದೆ. "ಆಮೇಲೆ ನೋಡೋಣ" ಎಂದೆ. ಮರುದಿನದಿಂದ ಅವಳು ಕೈಗೆ ಹಾಲಿನ ಪ್ಲಾಸ್ಟಿಕ್ ಕವರು ಕಟ್ಟಿಕೊಂಡು ಬಟ್ಟೆ ತೆಗೆಯತೊಡಗಿದಳು. ನಮ್ಮ ಬಟ್ಟೆ ಮುಟ್ಟಲು ಇವಳಿಗೆ ಅಸಹ್ಯವೇ ಎಂದು ನನಗೆ ಒಳಗೊಳಗೇ ಸಿಟ್ಟು ಬಂತು. ಮೂರನೆಯ ಸಲ ಅವಳು ಸುತ್ತಿ ಬಳಸಿ ಹೇಳಲಿಲ್ಲ. "ನಾ ಆ ಮಷೀನ್ ಮುಟ್ಟಂಗಿಲ್ರಿ ಅಕ್ಕಾರ," ಎಂದಳು. ಆ ಸಂಜೆ ನಮ್ಮನೆಯವರ ಮುಂದೆ, "ಕೆಲಸ ತಪ್ಪಿಸೋಕೆ ಹೊಸ ನೆಪ ಹುಡುಕಿದ್ದಾಳೆ" ಎಂದು ನಾನು ಆಡಿಕೊಂಡದ್ದು ನನಗೆ ಇವತ್ತಿಗೂ ನೆನಪಿದೆ.

ಆ ಶನಿವಾರ ಸನತ್‌ನಗರದಿಂದ ಒಬ್ಬ ಮೆಕ್ಯಾನಿಕ್ ಬಂದ. ನಡುವಯಸ್ಸಿನ, ಮಿತಭಾಷಿ ಮನುಷ್ಯ. ಬಟ್ಟೆ ಒಣಗುತ್ತಿಲ್ಲ ಎಂದು ನಾನು ವಿವರಿಸುತ್ತಿರುವಾಗಲೇ ಜೇಬಿನಿಂದ ಟೆಸ್ಟರ್ ತೆಗೆದು ಡ್ರಮ್ಮಿನ ಅಂಚಿಗೆ ಮುಟ್ಟಿಸಿದ. ಟೆಸ್ಟರಿನೊಳಗಿನ ಪುಟ್ಟ ದೀಪ ಕೆಂಪಗೆ ಹೊತ್ತಿಕೊಂಡಿತು.

ಅವನು ಓಡಿಹೋಗಿ ಸ್ವಿಚ್ ಆರಿಸಿ, ಪ್ಲಗ್ ಕಿತ್ತ. ಮಷೀನಿನ ದಪ್ಪ ಪ್ಲಗ್ಗು ಗೋಡೆಯ ಸಾಕೆಟ್ಟಿಗೆ ಹಿಡಿಸುತ್ತಿರಲಿಲ್ಲವೆಂದು ನಮ್ಮನೆಯವರು ಅಬಿಡ್ಸ್‌ನ ಯಾವುದೋ ಅಂಗಡಿಯಿಂದ ಒಂದು ಎಕ್ಸ್‌ಟೆನ್ಷನ್ ಪೆಟ್ಟಿಗೆ ತಂದಿದ್ದರು. ಮೆಕ್ಯಾನಿಕ್ ಅದರ ತಿರುಪು ಬಿಚ್ಚಿ ನಮ್ಮಿಬ್ಬರ ಮುಂದೆ ಹಿಡಿದ. ಮೂರು ರಂಧ್ರ ಇದ್ದವು, ತಂತಿ ಎರಡೇ.

"ಅರ್ಥಿಂಗ್ ಲೇದು ಮೇಡಂ," ಎಂದ. ಅರ್ಥಿಂಗೇ ಇಲ್ಲ. ಆಮೇಲೆ ಹಿಂದಿ, ತೆಲುಗು ಬೆರೆಸಿ ವಿವರಿಸಿದ. ಒಣಗಿಸುವ ಹೀಟರು ಸೀಳು ಬಿಟ್ಟಿದೆ, ಅದಕ್ಕೇ ಬಿಸಿ ಸಾಲದೆ ಬಟ್ಟೆ ಒದ್ದೆ ಉಳಿಯುತ್ತಿದೆ. ಆ ಸೀಳಿನಿಂದ ಕರೆಂಟು ಮಷೀನಿನ ಮೈಗೆಲ್ಲ ಸೋರುತ್ತಿದೆ. ನೆಲಕ್ಕೆ ಹೋಗಲು ತಂತಿಯ ದಾರಿ ಇಲ್ಲ. ಯಾರು ಮುಟ್ಟುತ್ತಾರೋ ಅವರ ಮೈಯೇ ದಾರಿ. "ಇಷ್ಟು ದಿನ ಯಾರಿಗೂ ಶಾಕ್ ಹೊಡೀಲಿಲ್ವಾ?" ಎಂದು ಕೇಳಿದ.

ನಮ್ಮನೆಯವರು ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ, ಆಗ ನನ್ನ ಕಾಲು ಕಂಡಿತು. ಹಿಮ್ಮಡಿ ನೋವಿಗೆಂದು ಡಾಕ್ಟರು ಹೇಳಿದ ದಪ್ಪ ರಬ್ಬರ್ ಚಪ್ಪಲಿ ಹಾಕಿಕೊಂಡು ನಾನು ಮನೆಯೊಳಗೆಲ್ಲ ಓಡಾಡುತ್ತಿದ್ದೆ. ಅಡುಗೆಮನೆ ಬಾಗಿಲಲ್ಲಿ ಒರೆಸುವ ಬಟ್ಟೆ ಹಿಡಿದು ಅವಳು ನಿಂತಿದ್ದಳು, ಬರಿಗಾಲಲ್ಲಿ, ಆಗತಾನೇ ಒರೆಸಿದ ಹಸಿ ನೆಲದ ಮೇಲೆ. ಚಪ್ಪಲಿ ಬಾಗಿಲ ಹೊರಗೇ ಬಿಟ್ಟು ಬಾ ಎಂದು ಮೊದಲ ದಿನವೇ ಅವಳಿಗೆ ಹೇಳಿದವಳು ನಾನು. ಒದ್ದೆ ಬಟ್ಟೆಯಲ್ಲಿ ಸ್ಟ್ಯಾಟಿಕ್, ಅಂದರೆ ಸ್ಥಿರವಿದ್ಯುತ್ತು, ನಿಲ್ಲುವುದಿಲ್ಲ ಎಂದು ವರ್ಷ ವರ್ಷ ಮಕ್ಕಳಿಗೆ ಪಾಠ ಮಾಡುವವಳೂ ನಾನೇ.

"ಹೇಳಿದ್ನೆಲ್ರಿ," ಎಂದಳು ಅವಳು. ದನಿ ಏರಿಸಲಿಲ್ಲ. "ಮೂರು ಸಲ ಹೇಳೀನಿ."

ನಾನು ಅಲ್ಲೇ ಕುರ್ಚಿ ಎಳೆದುಕೊಂಡು ಕೂತೆ. ನನಗೆ ನೀರು ತಂದುಕೊಟ್ಟವಳೂ ಅವಳೇ.

ಮೆಕ್ಯಾನಿಕ್ ಎರಡು ದಿನದಲ್ಲಿ ಹೊಸ ಹೀಟರು ಹಾಕಿದ. ಎಲೆಕ್ಟ್ರಿಶಿಯನ್ ಬಂದು ಸರಿಯಾದ ಸಾಕೆಟ್ಟು ಕೂರಿಸಿ, ಅರ್ಥಿಂಗ್ ಅಳೆದು ನೋಡಿ ಹೋದ. ದೀಪಾವಳಿ ಕಳೆದ ಮೇಲೆ ಮೊದಲ ಸಲ ಬೆಡ್‌ಶೀಟುಗಳು ಬಿಸಿಯಾಗಿ, ಗರಿಗರಿಯಾಗಿ ಒಣಗಿದವು. "ಈಗ ಏನೂ ತೊಂದರೆ ಇಲ್ಲಮ್ಮ," ಎಂದು ಅವಳಿಗೆ ಹೇಳಿದೆ.

ಅವಳು ಮಷೀನನ್ನು ನೋಡಿದಳು, ನನ್ನನ್ನು ನೋಡಿದಳು. "ನೀವ ಮೊದ್ಲ ಮುಟ್ರಿ ಅಕ್ಕಾರ. ಬರಿಗಾಲ್ಲೆ."

ಚಪ್ಪಲಿ ಬಿಟ್ಟು ಹಸಿ ನೆಲದ ಮೇಲೆ ನಿಂತೆ. ಅಪಾಯವಿಲ್ಲವೆಂದು ನನಗೆ ಗೊತ್ತಿತ್ತು, ಟೆಸ್ಟರ್ ಇಟ್ಟು ನಾನೇ ನೋಡಿದ್ದೆ. ಆದರೂ ಕೈ ಡ್ರಮ್ಮಿನ ಹತ್ತಿರ ಹೋಗಿ ನಿಂತುಬಿಟ್ಟಿತು. ಇದೇ ಭಯ ಇಟ್ಟುಕೊಂಡು ಇವಳು ವಾರಗಟ್ಟಲೆ ಇದರೊಳಗೆ ಕೈ ಹಾಕಿದ್ದಳಲ್ಲ ಎನಿಸಿ ಕಣ್ಣು ಮುಚ್ಚಿ ಮುಟ್ಟಿದೆ. ಏನೂ ಆಗಲಿಲ್ಲ. ಆಮೇಲೆ ಅವಳೂ ಬಂದು ಒಂದು ಬೆರಳು ತಾಗಿಸಿ, ಇಡೀ ಅಂಗೈ ಇಟ್ಟಳು.

ಬೆಡ್‌ಶೀಟಿನ ಒಂದು ತುದಿ ಅವಳು, ಇನ್ನೊಂದು ತುದಿ ನಾನು ಹಿಡಿದು ಮಡಚತೊಡಗಿದೆವು. "ತಪ್ಪಾಯ್ತಮ್ಮ. ನಾನು ನಿನ್ನ ಮಾತು ನಂಬಬೇಕಿತ್ತು," ಎಂದೆ.

ಅವಳು ಬೆಡ್‌ಶೀಟಿನ ಅಂಚು ಜೋಡಿಸುತ್ತ ಹೇಳಿದಳು: "ನಮ್ಮ ಮೈದುನ ಇಲ್ಲೇ ಬಿಲ್ಡಿಂಗ್ ಕೆಲಸದಾಗ ನೀರಿನ ಮೋಟರ್ ಮುಟ್ಟಿ ಸತ್ತಾನ್ರಿ. ಅವನೂ ಎರಡು ದಿನ ಮೊದ್ಲ ಮೇಸ್ತ್ರಿಗೆ ಹೇಳಿದ್ನಂತ, ಜುಮ್ಮ್ ಅಂತೈತಿ ಅಂತ. ನಾ ಕರೆಂಟ್ ಕಂಡಾಕಿ ಅದೀನ್ರಿ."

ಬೆಡ್‌ಶೀಟು ನನ್ನ ಕೈಯಿಂದ ಜಾರಿತು. "ಇದನ್ನ ಯಾಕೆ ನನಗೆ ಹೇಳಲಿಲ್ಲ?"

"ಹೆಂಗ ಹೇಳಲ್ರಿ? ಜುಮ್ಮ್ ಅಂತೈತಿ ಅಂದ್ರ ನಕ್ಕಿರಿ. ಸತ್ತವನ ಸುದ್ದಿ ಹೇಳಿದ್ರ ಈಕಿ ನಾಟಕ ಮಾಡಾಕತ್ತಾಳ ಅಂತಿದ್ರಿ."

ಹಾಗೆ ಅನ್ನುತ್ತಿರಲಿಲ್ಲ ಎಂದು ಹೇಳಲು ಬಾಯಿ ತೆರೆದೆ. ಹೇಳಲಾಗಲಿಲ್ಲ, ಯಾಕೆಂದರೆ ಅನ್ನುತ್ತಿದ್ದೆ. ಅವಳ ಬೆನ್ನ ಹಿಂದೆ ಹೆಚ್ಚು ಕಡಿಮೆ ಅದನ್ನೇ ಅಂದಿದ್ದೆ.

ಅವಳು ನೆಲದ ಮೇಲೆ ಬಿದ್ದ ತುದಿಯನ್ನು ಎತ್ತಿ ನನ್ನ ಕೈಗೆ ಕೊಟ್ಟಳು. "ಹಿಡೀರಿ ಅಕ್ಕಾರ. ಇನ್ನೂ ನಾಕು ಅದಾವು," ಎಂದಳು.