ಮಂಜುಗಡ್ಡೆಗೆ ನಾರಿನ ಹಗ್ಗ

ಅಟ್ಟ ಗುಡಿಸುವಾಗ ಹಳೆಯ ಬ್ಯಾಗಿನಿಂದ ತೆಂಗಿನ ನಾರಿನ ಹಗ್ಗವೊಂದು ಜಾರಿ ಬಿತ್ತು. ನೀರು ಕುಡಿದ ನಾರಿನ ವಾಸನೆ ಇನ್ನೂ ಇತ್ತು... ಬಿಡದಿಯ ನನ್ನ ಮನೆ ಓನರಮ್ಮ ನೆನಪಾದರು.

ಸುತ್ತಲಿನ ಹೊಲಗಳೆಲ್ಲ ಫ್ಯಾಕ್ಟರಿಗಳಾಗುತ್ತಿದ್ದ ಕಾಲ. ನಾನೂ ಒಂದರಲ್ಲಿ ಕೆಲಸಕ್ಕಿದ್ದೆ, ಅವರ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಓನರಮ್ಮನಿಗೆ ಒಂದೇ ಹಟ. ಗಂಗೆ ಹುಟ್ಟುವ ಗೋಮುಖಕ್ಕೆ ಹೋಗಿ ಹಿಮನದಿಯ ಮೇಲೆ ಕಾಲೂರಿ ನಿಲ್ಲಬೇಕು, ಅದೂ ನಡೆದೇ ಹೋಗಿ. ಕುದುರೆಯ ಮೇಲೆ ಹೋಗಿ ಎಂದು ಯಾರಾದರೂ ಹೇಳಿದರೆ, "ನಾನೇನ್ ಮದ್ವೆ ಗಂಡಾ, ಕುದ್ರೆ ಮೇಲೆ ಕೂರಾಕೆ?" ಎನ್ನುತ್ತಿದ್ದರು.

ನನ್ನ ಹಳೆಯ ಸೇಫ್ಟಿ ಶೂ ಕೇಳಿ ಪಡೆದು, ಸೀರೆ ಎತ್ತಿ ಕಟ್ಟಿ, ವಾರ ವಾರ ಸಾವನದುರ್ಗ ಹತ್ತಿದರು. ಬೀದಿಯೆಲ್ಲ ನಕ್ಕಿತು. ಅವರು ಅಷ್ಟಕ್ಕೇ ಬಿಡುವ ಪೈಕಿಯಲ್ಲ. ಹೊಸದಾಗಿ ಬಂದಿದ್ದ ಐಸ್ ಫ್ಯಾಕ್ಟರಿಯಿಂದ ಆಟೋದಲ್ಲಿ ದೊಡ್ಡ ಗಡ್ಡೆಗಳನ್ನು ತರಿಸಿ, ಹಿತ್ತಲಿನ ಇಳಿಜಾರು ಬಂಡೆಯ ಮೇಲೆ ಹಾಸಿಸಿದರು. ಹೆಜ್ಜೆ ಇಟ್ಟರು, ದೊಪ್ಪನೆ ಕೂತರು. ನನಗೆ ನಗು ತಡೆಯಲಾಗಲಿಲ್ಲ.

"ನಗು, ನಗು. ಎತ್ತಿಗೆ ಲಾಳ ಹೊಡಿಸ್ದೆ ಟಾರ್ ರೋಡಿಗೆ ಬುಡ್ತಾರೇನವ್ವ? ತಪ್ಪು ನಂದೇ."

ಬಾವಿ ಹಗ್ಗ ಕತ್ತರಿಸಿ ಶೂಗೆ ಅಡ್ಡಡ್ಡ ಸುತ್ತಿ ಬಿಗಿದರು. ಈ ಸಲ ಮೆಲ್ಲಗೆ ಮೇಲಕ್ಕೂ ಹೋದರು, ಇಳಿದೂ ಬಂದರು.

ಕೊನೆಗೆ ಅವರು ಗೋಮುಖಕ್ಕೆ ಹೊರಟಾಗ ಜೊತೆಗೆ ನಾನೂ ಹೊರಟೆ, ಹೊಸ ಶೂ ಕೊಂಡ ಜಂಬದಲ್ಲಿ. ಹಿಮನದಿಯ ಅಂಚಿನಲ್ಲಿ ಗೈಡ್ ಎಲ್ಲರ ಕಾಲು ನೋಡುತ್ತಾ ಬಂದ. ಓನರಮ್ಮನ ಹಗ್ಗ ಎಳೆದು ನೋಡಿ ತಲೆದೂಗಿದ. ನನ್ನ ನುಣುಪು ಅಡಿಯ ಶೂ ಕಂಡು, ನೀನು ಇಲ್ಲೇ ಕೂತಿರು ಎಂದ. ನನಗೆ ಅಳುವೇ ಬಂತು.

ಓನರಮ್ಮ ಮುಂದೆ ಹೋಗಲಿಲ್ಲ. ಚೀಲದಿಂದ ಇನ್ನೊಂದು ಹಗ್ಗ ತೆಗೆದು ನನ್ನ ಕಾಲ ಬುಡದಲ್ಲಿ ಕೂತರು. ದೊಡ್ಡವರಿಂದ ಕಾಲು ಮುಟ್ಟಿಸಿಕೊಳ್ಳುವುದೇ ಎಂದು ನಾನು ಹಿಂದೆ ಸರಿದೆ.

"ಸುಮ್ನೆ ನಿಂತ್ಕೊ ಕಣವ್ವ. ನೀನ್ ತರಾಕಿಲ್ಲ ಅಂತ ಗೊತ್ತಿತ್ತು, ಅದ್ಕೇ ನಿಂಗೂ ತಂದಿವ್ನಿ."

ಅವರ ಕೈ ಹಿಡಿದು ನಡೆದೆ. ಕಾಲಡಿಯಲ್ಲಿ ಮಂಜು ಕರಕರ ಎಂದಿತು. ಇಬ್ಬರೂ ಜಾರಲಿಲ್ಲ. ನಡುವೆ ನಿಂತು, ಸೆರಗು ಬಿಗಿದು, ಅವರು ಬಿಡದಿಯವರೆಗೂ ಕೇಳಿಸುವಂತೆ ಕೂಗಿದರು. "ಬಂದ್ಬುಟ್ಟೆ ಕಣವ್ವ ಗಂಗವ್ವ, ನಡ್ಕೊಂಡೇ ಬಂದ್ಬುಟ್ಟೆ." ಅಂಥ ಹಿಗ್ಗು ನನಗೆ ಮತ್ತೆ ಸಿಕ್ಕಿಲ್ಲ.

ಆ ಹಿತ್ತಲಿನಲ್ಲಿ ಈಗ ಗೋಡೌನ್ ಇದೆ. ಓನರಮ್ಮ ತೀರಿಕೊಂಡು ಬಹಳ ವರ್ಷವಾಯಿತು... ಇವತ್ತು ಹಗ್ಗವನ್ನು ಶೂಗೆ ಸುತ್ತಿ ನೋಡಿದೆ. ಸುತ್ತುವುದು ಬಂತು, ಗಂಟು ನಿಲ್ಲಲಿಲ್ಲ. ಕಲಿಯಬೇಕೆಂದು ಅವತ್ತು ತೋಚಿರಲಿಲ್ಲ, ಕಟ್ಟಲು ಅವರಿದ್ದರಲ್ಲ.